ಗಾಳಿ ಅಳೆಯುವ ಕಂಬವೂ ಭಾಗಮ್ಮನ ಹೂಮಳೆಯೂ

ಆ ವರ್ಷ ಮಾರ್ಚ್ ಮುಗಿಯುತ್ತ ಬಂದರೂ ಹೂಮಳೆ ಬರಲಿಲ್ಲ. ಕಾಫಿ ಬೆಳೆಯುವವರಿಗೆ ಇದರ ಸಂಕಟ ಗೊತ್ತು, ಉಳಿದವರಿಗೆ ಹೇಳಿಬಿಡೋಣ. ಬಿಸಿಲಲ್ಲಿ ಮೊಗ್ಗು ಕಟ್ಟಿ ಕಾಯುವ ಗಿಡಕ್ಕೆ ಒಂದು ಒಳ್ಳೆಯ ಮಳೆ ಬಿದ್ದರೆ ಹೂ ಅರಳುತ್ತದೆ, ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಟುತ್ತದೆ. ದೊಡ್ಡ ಎಸ್ಟೇಟಿನವರು ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಿಕೊಂಡಿದ್ದರು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿ ಎರಡೆಕರೆ ರೊಬಸ್ಟಾ ಕಾಫಿ ಇಟ್ಟುಕೊಂಡ ಭಾಗಮ್ಮನಿಗೆ ಆಕಾಶವೇ ಗತಿ.

ದಿನಾ ಮಧ್ಯಾಹ್ನ ಮೋಡ ಕಟ್ಟುತ್ತಿತ್ತು, ಸಂಜೆಗೆ ಗುಡ್ಡದ ನೆತ್ತಿ ದಾಟಿ ಎತ್ತಲೋ ಹೋಗುತ್ತಿತ್ತು. ಆ ನೆತ್ತಿಯ ಮೇಲೆ ದೀಪಾವಳಿ ಕಳೆದ ಮೇಲೆ ಸರ್ಕಾರದವರು ನಿಲ್ಲಿಸಿದ ಒಂದು ಕಂಬವಿತ್ತು. ತೆಂಗಿನ ಮರಕ್ಕಿಂತ ಎತ್ತರ. ಸುತ್ತಲೂ ಎಳೆದು ಕಟ್ಟಿದ ಉಕ್ಕಿನ ತಂತಿಗಳು, ತುದಿಯಲ್ಲಿ ಗಿರಗಿರ ತಿರುಗುವ ಮೂರು ಪುಟ್ಟ ಬಟ್ಟಲು. ಗಾಳಿ ಎಷ್ಟು ಜೋರಿದೆ ಎಂದು ಅಳೆಯಲು ಅದನ್ನು ನಿಲ್ಲಿಸಿದ್ದರು. ಗಾಳಿ ಸಾಕಷ್ಟಿದ್ದರೆ ಮುಂದೆ ಅಲ್ಲಿ ಕರೆಂಟು ಮಾಡುವ ದೊಡ್ಡ ಗಾಳಿಯಂತ್ರ ಬರುತ್ತದೆಂದು ಊರಲ್ಲಿ ಸುದ್ದಿಯಿತ್ತು.

ಕಾಫಿ ಸಿಪ್ಪೆ ಬಿಡಿಸಲು ಭಾಗಮ್ಮ ವರ್ಷಾ ವರ್ಷಾ ಮೂಡಿಗೆರೆಯ ಮಿಲ್ಲಿಗೆ ಹೋಗುತ್ತಿದ್ದಳು. ಅಲ್ಲಿನ ಫ್ಯಾನು ಸಿಪ್ಪೆಯನ್ನೆಲ್ಲ ಊದಿ ಬಾಗಿಲಾಚೆ ರಾಶಿ ಹಾಕುವುದನ್ನು ಕಣ್ಣಾರೆ ಕಂಡಿದ್ದಳು. ಅವಳ ತಲೆಯಲ್ಲಿ ಆ ಫ್ಯಾನೂ ಗುಡ್ಡದ ಕಂಬವೂ ಕೂಡಿಕೊಂಡವು.

"ಮಿಲ್ಲಿನ ಚೋಟುದ್ದದ ಫ್ಯಾನೇ ಸಿಪ್ಪೇನ ಅಷ್ಟು ದೂರ ಹಾರಿಸ್ತದೆ. ಗುಡ್ಡದ ತುದೀಲಿ ಹಗಲೂ ರಾತ್ರಿ ತಿರುಗೋದು ಮೋಡಾನ ಬಿಡ್ತದಾ?" ಎಂದು ನೀರು ತರುವಲ್ಲಿ ಹೇಳಿದಳು, ಬಾಡಿಗೆ ಜೀಪಿನಲ್ಲಿ ಹೇಳಿದಳು. ಮನೆಯಲ್ಲಿ ಗಂಡ ಲಿಂಗಪ್ಪನಿಗಂತೂ ಊಟಕ್ಕೆ ಕೂತಾಗಲೆಲ್ಲ ಇದನ್ನೇ ಬಡಿಸಿದಳು. "ಆ ಕಂಬ ಇರೋ ತನಕ ನಮ್ಗೆ ಹೂಮಳೆ ಇಲ್ಲ. ಅದನ್ನ ಬೀಳಿಸೋ ಗಂಡಸು ಈ ಊರಲ್ಲಿ ಒಬ್ರೂ ಇಲ್ವಾ?"

ಲಿಂಗಪ್ಪ ಹೂಂ ಎನ್ನುತ್ತಿದ್ದ. ಆತನ ಮಾತು ಅಷ್ಟೇ. ಆದರೆ ಹೂಂ ಎಂದದ್ದನ್ನು ಮಾಡಿಯೇ ತೀರುವ ಮನುಷ್ಯ ಅವನು. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಭಾಗಮ್ಮ ಅದನ್ನು ಮರೆತಿದ್ದಳು.

ಶನಿವಾರ ವಿಶಾಲಾಕ್ಷಮ್ಮನ ಅಂಗಳದಲ್ಲಿ ಹೆಂಗಸರ ಸಂಘ ಸೇರಿತು. ವಿಶಾಲಾಕ್ಷಮ್ಮ ಸಂಘದ ಅಧ್ಯಕ್ಷೆ. ಅವಳ ತಂಗಿಯನ್ನು ಚಿತ್ರದುರ್ಗದ ಕಡೆ ಕೊಟ್ಟಿದ್ದರು. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತು ಕೆಲವು ವರ್ಷಗಳಾಗಿದ್ದವು. ಭಾಗಮ್ಮ ಹೋದಾಗ ವಿಶಾಲಾಕ್ಷಮ್ಮ ಮೊರದಲ್ಲಿ ಕರಿಮೆಣಸು ತುಂಬಿಕೊಂಡು ಗಾಳಿಗೆ ಕಾದು ನಿಂತಿದ್ದಳು.

"ನಿನ್ನ ಕಂಬದ ಸುದ್ದಿ ಕಳಸದ ಸಂತೆ ತನಕ ಹೋಗಿದೆಯಲ್ಲ ಮಾರಾಯ್ತಿ."

"ಹೋಗ್ಲಿ. ನಿಜ ತಾನೆ?"

"ಮಿಲ್ಲಲ್ಲಿ ಕರೆಂಟು ಹೋದ್ರೆ ಫ್ಯಾನು ಎಂತ ಮಾಡ್ತದೆ?"

"ನಿಲ್ತದೆ. ಹೋದ ಸಲ ಕರೆಂಟಿಲ್ಲ ಅಂತ ಅರ್ಧ ದಿನ ಕಾದೆ."

"ಗುಡ್ಡದ ಕಂಬಕ್ಕೆ ಕರೆಂಟಿನ ಲೈನ್ ಎಲ್ಲಿಂದ ಹೋಗಿದೆ?"

ಭಾಗಮ್ಮ ಯೋಚಿಸಿದಳು. ಗುಡ್ಡಕ್ಕೆ ಯಾವ ಲೈನೂ ಹೋಗಿರಲಿಲ್ಲ.

"ಮತ್ತೆ ಅದನ್ನ ತಿರುಗಿಸೋದು ಯಾರು?"

"ಗಾಳಿ ಇರಬೇಕು" ಎಂದಳು ಭಾಗಮ್ಮ, ಸ್ವಲ್ಪ ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಗಾಳಿ ಬೀಸಿತು. ವಿಶಾಲಾಕ್ಷಮ್ಮ ಮೊರ ಎತ್ತಿ ತೂರಿದಳು. ಧೂಳು ಹಾರಿತು, ಮೆಣಸು ಕೆಳಗೆ ಬಿತ್ತು. "ಈ ಗಾಳಿ ನಾನು ಮಾಡಿದ್ದಾ? ಅದರ ಪಾಡಿಗೆ ಹೋಗ್ತಿತ್ತು, ನಾನು ಒಂಚೂರು ಕೆಲಸ ಮಾಡಿಸ್ಕೊಂಡೆ. ಆ ಕಂಬನೂ, ನಾಳೆ ಬರೋ ಗಾಳಿಯಂತ್ರನೂ ಅಷ್ಟೇ. ಹೂಮಳೆ ತರೋ ಗುಡುಗಿನ ಮೋಡ ಮೈಲಿಗಟ್ಟಲೆ ಎತ್ತರ ಇರ್ತದೆ. ಅದನ್ನ ತಳ್ಳೋ ಶಕ್ತಿ ಅದಕ್ಕೆಲ್ಲಿಂದ ಬರ್ಬೇಕು? ನನ್ನ ತಂಗಿ ಊರಲ್ಲೂ ಮೊದ್ಲು ಹೀಗೇ ಹೆದ್ರಿದ್ರು."

"ಆಯ್ತಪ್ಪ, ಅದ್ರಿಂದ ನಮ್ಗೆಂತ ಬಂತು?"

"ಬೇಸಿಗೇಲಿ ಪವರ್ ಕಟ್ ಎಂತಕ್ಕೆ? ಕರೆಂಟು ಮಾಡೋ ಡ್ಯಾಮಲ್ಲಿ ನೀರು ಇಳಿದಿರ್ತದೆ. ಮಳೆಗಾಲದಲ್ಲಿ ನಮ್ಮ ಗುಡ್ಡಗಳಲ್ಲಿ ಗಾಳಿ ಹೆಂಚು ಎತ್ತಿಕೊಂಡು ಹೋಗ್ತದಲ್ಲ, ಆಗ ಗಾಳಿ ಕರೆಂಟು ಬಳಸಿದ್ರೆ ಡ್ಯಾಮಿನ ನೀರು ಅಷ್ಟು ಉಳೀತದೆ. ಬೇಸಿಗೆಗೆ ಅದೇ ಒದಗ್ತದೆ." ಆಮೇಲೆ ಎಲ್ಲರ ಕಡೆ ತಿರುಗಿ ಹೇಳಿದಳು. "ಒಂದು ಮಾತು ಮನೇಲಿ ಹೇಳಿ. ಆ ಕಂಬದ ತಂತಿ ಯಾರೂ ಮುಟ್ಟಬಾರದು. ಬಿಗಿಯಾಗಿ ಎಳೆದಿರ್ತಾರೆ. ಒಂದು ಕಡಿದ್ರೂ ಕಂಬ ಕಡಿದವನ ಮೇಲೇ ಬೀಳಬಹುದು."

ಭಾಗಮ್ಮನಿಗೆ ಥಟ್ಟನೆ ಗರಗಸ ನೆನಪಾಯಿತು. ಬೆಳಿಗ್ಗೆ ಲಿಂಗಪ್ಪ ಕಬ್ಬಿಣ ಕುಯ್ಯುವ ಗರಗಸವನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದ. ಎಲ್ಲಿಗೆಂದು ಕೇಳಿದ್ದಕ್ಕೆ, "ಮೇಲೆ ಸ್ವಲ್ಪ ಕೆಲಸ ಇದೆ" ಎಂದಿದ್ದ.

ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ತೋಟದ ಬೇಲಿ ದಾಟಿ, ಕಾಡಿನ ಅಂಚು ಹಿಡಿದು ಗುಡ್ಡ ಹತ್ತಿದಳು. ಏದುಸಿರು ಬಿಡುತ್ತ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಂಡಳು. ಮಳೆ ಬಾರದಿದ್ದರೆ ಬೇಡ, ಆ ಮನುಷ್ಯ ಒಬ್ಬ ಉಳಿದರೆ ಸಾಕು. ಮರಗಳು ಮುಗಿದು ಹುಲ್ಲುಗಾವಲು ಕಂಡಾಗ ಮೊದಲು ನೋಡಿದ್ದು ಕಂಬವನ್ನು. ಅದು ನಿಂತಿತ್ತು. ಆಚೆಯ ಬಂಡೆಗೆ ಒರಗಿ, ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಲಿಂಗಪ್ಪ ಎಲೆಯಡಿಕೆ ಜಗಿಯುತ್ತಿದ್ದ.

"ತಂತಿ ಮುಟ್ಟಿದ್ರಾ?"

"ಇಲ್ಲ ಮಾರಾಯ್ತಿ. ಕುಯ್ಯೋಕೆ ಅಂತಲೇ ಬಂದೆ. ಗರಗಸ ಇಡೋ ಹೊತ್ತಿಗೆ ಮೇಲಿನ ಬಟ್ಟಲು ನಿಂತುಹೋಯ್ತು. ನೋಡ್ತೀನಿ, ಹುಲ್ಲೂ ಅಲ್ಲಾಡ್ತಾ ಇಲ್ಲ. ಆಮೇಲೆ ಹುಲ್ಲು ಅಲ್ಲಾಡ್ತು, ಬಟ್ಟಲೂ ತಿರುಗ್ತು. ಅದನ್ನೇ ನೋಡ್ತಾ ಕೂತೆ. ಗಾಳಿ ಹೇಳ್ದಂಗೆ ಕೇಳೋ ಪಾಪದ್ದು ಇದು, ನನ್ನ ಹಾಗೆ. ಇದೆಂತ ಮಳೆ ಓಡಿಸ್ತದೆ?"

ಭಾಗಮ್ಮ ಅಲ್ಲೇ ಹುಲ್ಲಿನ ಮೇಲೆ ಕುಸಿದಳು. ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. "ಯಾರೋ ಎಂತದೋ ಹೇಳಿದ್ರು ಅಂತ ಸಾಯೋಕೆ ಬರೋದಾ?"

"ಯಾರೋ ಅಲ್ವಲ್ಲ" ಎಂದ ಲಿಂಗಪ್ಪ. "ನೀನು ಹೇಳಿದ್ದು."

ಭಾಗಮ್ಮ ಎದ್ದಳು. ಗರಗಸವನ್ನು ಅವನ ತೊಡೆಯ ಮೇಲಿಂದ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು. ಇಬ್ಬರೂ ಗುಡ್ಡ ಇಳಿದರು.

ಯುಗಾದಿ ಕಳೆದು ಒಂದು ಸಂಜೆ ಗುಡುಗಿ ಮಳೆ ಸುರಿಯಿತು. ಒಂದಿಷ್ಟು ಮೊಗ್ಗು ಆಗಲೇ ಕರಟಿದ್ದರೂ ಉಳಿದದ್ದು ಅರಳಿ ತೋಟ ಬೆಳ್ಳಗಾಯಿತು. "ಕಂಬನೂ ಇದೆ, ಮಳೆನೂ ಬಂತು" ಎಂದು ಭಾಗಮ್ಮ ವಿಶಾಲಾಕ್ಷಮ್ಮನ ಅಂಗಳಕ್ಕೆ ಓಡಿ ಬಂದಳು.

"ಇನ್ನು ಮಳೆ ತರಿಸಿದ್ದೇ ಕಂಬ ಅಂತ ಶುರು ಮಾಡ್ಬೇಡ ಮಾರಾಯ್ತಿ" ಎಂದಳು ವಿಶಾಲಾಕ್ಷಮ್ಮ. "ಬಾರದೆ ಇದ್ದಿದ್ರೂ ಅದರ ತಪ್ಪಲ್ಲ."

ಮುಂದಿನ ಗ್ರಾಮಸಭೆಯಲ್ಲಿ ಭಾಗಮ್ಮ ಎದ್ದು ನಿಂತು ಕೇಳಿದ್ದು ಬೇರೆಯೇ ಪ್ರಶ್ನೆ. ದೊಡ್ಡ ಯಂತ್ರ ಬಂದರೆ ರಸ್ತೆ ಎಲ್ಲಿ ಕಡಿಯುತ್ತೀರಿ, ಕಾಡಿನ ಮರಕ್ಕೂ ನಮ್ಮ ಹಳ್ಳದ ನೀರಿಗೂ ಏನಾಗುತ್ತದೆ ಎಂದಳು. ಬಂದ ಅಧಿಕಾರಿಗಳು ಕೂತು ಉತ್ತರ ಹೇಳಬೇಕಾಯಿತು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ರಾಜ್ಯದ ಗುಡ್ಡಗಳಲ್ಲಿ ಗಾಳಿಗೆ ಬರವಿಲ್ಲ. ನಾಳೆ ನಿಮ್ಮೂರಿಗೂ ಇಂಥ ಕಂಬ ಬರಬಹುದು. ಅನುಮಾನ ಬಂದರೆ ತಿಳಿದವರನ್ನು ಕೇಳಿ, ಗ್ರಾಮಸಭೆಯಲ್ಲಿ ಜೋರಾಗಿಯೇ ಕೇಳಿ. ತಂತಿಗೆ ಮಾತ್ರ ಕೈ ಹಾಕಬೇಡಿ. ಗಾಳಿಮಾತು ಆಡುವ ಮುನ್ನ ಒಂದು ಕ್ಷಣ ಪಕ್ಕಕ್ಕೆ ತಿರುಗಿ ನೋಡಿ. ನಿಮ್ಮ ಮಾತನ್ನು ನಂಬಿ ಗುಡ್ಡ ಹತ್ತುವ ಮನುಷ್ಯ ನಿಮ್ಮ ಮನೆಯಲ್ಲೇ ಊಟಕ್ಕೆ ಕೂತಿರಬಹುದು.