ಅಮ್ಮ ಬಂದ ಊರಲ್ಲಿ ಸೂಜಿ

ಬಸ್ಸಾರಿಗೆ ಒಗ್ಗರಣೆ ಹಾಕಲೆಂದು ಸಾಸಿವೆ ಡಬ್ಬಿಗೆ ಕೈ ಹಾಕಿದ ನೇತ್ರಾವತಿ ಹಾಗೇ ನಿಂತಳು. ಊರಿಗೆ ಅಮ್ಮ ಬಂದಿದ್ದಾಳೆ. ಅವಳು ತಣ್ಣಗಾಗಿ ಹೋಗುವವರೆಗೆ ಯಾರ ಮನೆಯಲ್ಲೂ ಒಗ್ಗರಣೆ ಸಿಡಿಯಬಾರದು. ಡಬ್ಬಿ ಮುಚ್ಚಿ, ಸೊಂಟದ ಮೇಲಿದ್ದ ಮಗಳು ಮಾನಸಾಳನ್ನು ಇನ್ನೊಂದು ಬದಿಗೆ ಎತ್ತಿಕೊಂಡು, ಸಾರನ್ನು ಹಾಗೆಯೇ ಇಳಿಸಿದಳು.

ಅಮ್ಮ ಅಂದರೆ ದಡಾರ. ಕೆಳಗಿನ ಮನೆಯ ಗಿಡ್ಡಯ್ಯನ ಮೊಮ್ಮಗಳು ಚೈತ್ರಶ್ರೀಗೆ ಮೊದಲು ಜ್ವರ, ಕೆಮ್ಮು; ಆಮೇಲೆ ಮುಖದಿಂದ ಶುರುವಾಗಿ ಮೈತುಂಬ ಕೆಂಪು ದದ್ದು. ಅವರ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ ದಿನವೇ ಹಿರಿಯರು ಸೇರಿ ಊರಿಗೆ ಕಟ್ಟು ಹಾಕಿದರು. ಒಗ್ಗರಣೆ ಇಲ್ಲ, ಬಾಡು ಇಲ್ಲ, ಸೂಜಿ ಇಲ್ಲ. ಹರಿದ ಲಂಗ ಹೊಲಿಯುವ ಸೂಜಿಯೂ ಇಲ್ಲ, ಆಸ್ಪತ್ರೆಯ ಸೂಜಿಯೂ ಇಲ್ಲ. ಗುರುವಾರ ಲಸಿಕೆಯ ಪೆಟ್ಟಿಗೆ ಹೊತ್ತು ಅಂಗನವಾಡಿಗೆ ಹೊರಟಿದ್ದ ನರ್ಸ್ ಹೇಮಶ್ರೀಯನ್ನು ಊರ ಮುಂದೆಯೇ ತಡೆದು, ಕಾಫಿ ಕೊಟ್ಟು, ಮರ್ಯಾದೆಯಿಂದಲೇ ವಾಪಸ್ ಕಳಿಸಿದ್ದರು. ಮಾನಸಾಳಿಗೆ ಒಂಬತ್ತು ತಿಂಗಳು ತುಂಬಿತ್ತು. ಅವಳಿಗೆ ಹಾಕಬೇಕಿದ್ದ ದಡಾರದ ಚುಚ್ಚುಮದ್ದು ಆ ಪೆಟ್ಟಿಗೆಯಲ್ಲೇ ಹಿಂದಕ್ಕೆ ಹೋಯಿತು.

ನಡುಮನೆಯಲ್ಲಿ ಅತ್ತೆ ಚೆಲುವಮ್ಮ ಅರಿಶಿನದ ಕೊಂಬು ಕುಟ್ಟುತ್ತಿದ್ದರು.

"ನಾಳೆ ಬೆಳಿಗ್ಗೆ ಮಗೀಗೆ ನೀರು ಹಾಕಿ ರೆಡಿ ಮಾಡೇ. ಗಿಡ್ಡಯ್ಯನ ಮನೆಗೆ ಕರ್ಕಂಡೋಗ್ಬೇಕು. ಅಮ್ಮ ಬಂದಿರೋ ಕೂಸಿನ ಕೈಲಿ ಕೆನ್ನೆಗೆ ಅರಿಶಿನ ಹಚ್ಚುಸ್ಕಂಡ್ರೆ, ಅವ್ಳು ನಮ್ಮನೆ ಕಡೆ ತಿರುಗಿ ನೋಡಲ್ಲ."

ನೇತ್ರಾವತಿ ಮಗುವನ್ನು ಎದೆಗೆ ಅವಚಿಕೊಂಡಳು. "ಅತ್ತೆ, ಆ ಕೂಸು ಇನ್ನೂ ಕೆಮ್ತಾ ಐತೆ. ಅದು ಕೆಮ್ಮಿದ ಕೋಣೇಲಿ ಉಸಿರಾಡಿದ್ರೆ ಸಾಕು, ಅಂಟ್ಕಂಬುಡ್ತದೆ. ನಾನು ಕಳ್ಸಲ್ಲ."

"ಕಳ್ಸಲ್ವಂತೆ! ಕೇಳಿದೇನೋ ವಸಂತ? ಪಿಯುಸಿ ಓದಿರೋಳು ನಮಗೆ ಬೇಡ ಕಣೋ ಅಂದೆ. ಕೇಳ್ದಾ ನೀನು?"

ನೇತ್ರಾವತಿಯ ಗಂಡ ವಸಂತ ಜಗಲಿಯಲ್ಲಿ ಗಂಬೂಟು ಕಳಚುತ್ತಿದ್ದ. "ನನ್ನ ಯಾಕವ್ವ ಮಧ್ಯಕ್ಕೆ ಎಳೀತೀಯ. ಫೇಲಾಗವ್ಳಲ್ಲ, ಪರವಾಗಿಲ್ಲ ಅಂತ ಕಟ್ಕಂಡೆ."

ಅಷ್ಟರಲ್ಲಿ ಅವನ ಮೊಬೈಲಿಗೆ ಅರಣ್ಯ ಇಲಾಖೆಯ ಮೆಸೇಜ್ ಬಂತು. "ಮೇಲಿನ ಎಸ್ಟೇಟಲ್ಲಿ ಆನೆ ಅವೆಯಂತೆ. ನಾಳೆ ಕಾಫಿ ಕುಯ್ಯಾಕೆ ಆ ಕಡೆ ಆಳು ಕಳ್ಸೋದು ಬೇಡ."

"ನೀವು ಆನೆ ನೋಡಿದ್ರಾ?" ಎಂದಳು ನೇತ್ರಾವತಿ.

"ನೋಡೋವರ್ಗೂ ಕಾಯ್ತಾರೇನೆ, ಮಾರಾಯ್ತಿ? ನೋಡಿದ್ಮೇಲೆ ಓಡಾಕೆ ಕಾಲು ಬರ್ತದಾ?"

"ಚುಚ್ಚುಮದ್ದೂ ಅಷ್ಟೇ ಕಣ್ರೀ. ದಡಾರ ಹಿಂಗಿರ್ತದೆ ಅಂತ ಮೈಗೆ ಮೊದ್ಲೇ ಸುದ್ದಿ ಮುಟ್ಸೋದು. ಸುದ್ದಿ ಸಿಕ್ಕಿದ ಮೈ ಎದ್ರುಸಾಕೆ ತಯಾರಾಗಿರ್ತದೆ. ಸಿಗ್ದಿರೋದು ತುಳಿಸ್ಕಂತದೆ. ಚೈತ್ರಶ್ರೀಗೆ ಸುದ್ದಿನೇ ಮುಟ್ಟಿರ್ಲಿಲ್ಲ."

ವಸಂತ ಮೊಬೈಲನ್ನು ಜೇಬಿಗಿಟ್ಟ. ಒಳಗೆ ಕುಟ್ಟುವ ಸದ್ದು ನಿಂತಿತು.

"ನನ್ನ ಮೊದಲ್ನೇ ಮಗನಿಗೂ ಚುಚ್ಚಿಸಿದ್ದೆ ಕಣೇ," ಎಂದರು ಚೆಲುವಮ್ಮ. ದನಿ ತಗ್ಗಿತ್ತು. "ಮೈಮೇಲೆ ಅಮ್ಮ ಇದ್ಲು. ಉಸಿರು ಎಳೀತಿದ್ದ. ಬೇಡ ಬೇಡ ಅಂದ್ರೂ ಪೇಟೆ ಡಾಕ್ಟ್ರ ಹತ್ರ ಹೊತ್ಕಂಡೋದೆ. ಸೂಜಿ ಚುಚ್ಚಿದ್ರು. ಬೆಳಗಾಗೋದ್ರೊಳಗೆ ಹೋಗ್ಬುಟ್ಟ. ನಾನೇ ಕೊಂದೆ ಅಂದ್ರು ನಮ್ಮತ್ತೆ."

ಸತ್ತ ಮಗುವಿನ ವಿಷಯ ನೇತ್ರಾವತಿಗೆ ಗೊತ್ತಿತ್ತು. ಸೂಜಿಯ ವಿಷಯ ಗೊತ್ತಿರಲಿಲ್ಲ. ಅದು ಲಸಿಕೆಯಲ್ಲ, ಕಾಯಿಲೆ ಎದೆಗೆ ಇಳಿದ ಮೇಲೆ ಕೊಟ್ಟ ಮದ್ದು, ತಡವಾಗಿತ್ತು ಅತ್ತೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ತಡವಾಗಿತ್ತು ಅಂದರೆ ತಡ ಮಾಡಿದ್ದು ಯಾರು ಅನ್ನುವ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ. ಆ ಮುಖ ನೋಡುತ್ತ ಅದನ್ನು ಹೇಳಲಾಗಲಿಲ್ಲ. ಆದರೆ ಮರುಕಪಡುವುದು ಬೇರೆ, ಆ ಮರುಕಕ್ಕೆ ಮಗಳನ್ನು ಒಪ್ಪಿಸುವುದು ಬೇರೆ.

"ಎರಡು ವಾರ ತಾನೆ," ಎಂದ ವಸಂತ. "ಅಮ್ಮ ಹೋಗ್ಲಿ, ಆಮೇಲೆ ಚುಚ್ಚುಸಣ. ಈಗ ಅವ್ವನ ಮನ್ಸು ನೋಯಿಸ್ಬೇಡ."

"ದಡಾರಕ್ಕೂ ಹಂಗೇ ಹೇಳಿ. ಎರಡು ವಾರ ಕಾಯ್ಲಿ."

"ಬಾಯಿ ನೋಡು ಇವ್ಳದು," ಎಂದು ಚೆಲುವಮ್ಮ ಮತ್ತೆ ಒನಕೆ ಎತ್ತಿದರು. "ನೀನೇನೂ ಬರ್ಬೇಡ. ಹಾಲು ಕರೆದು ಬಂದು ನಾನೇ ಎತ್ಕಂಡೋಯ್ತೀನಿ."

ನೇತ್ರಾವತಿ ತಟ್ಟೆ ಹಾಕಿದಳು. ಮಾನಸಾ ಅವಳ ಸೆರಗಿನ ತುದಿಯನ್ನು ಬಾಯಿಗಿಟ್ಟು ಚೀಪುತ್ತಿದ್ದಳು. ಸೆರಗು ಬಿಡಿಸುವಾಗ ಹೊಸದಾಗಿ ಮೂಡಿದ ಹಲ್ಲು ಬೆರಳಿಗೆ ತಾಗಿತು.

ಬೆಳಿಗ್ಗೆ ಅತ್ತೆ ಕೊಟ್ಟಿಗೆಗೆ ಹೋಗುತ್ತಾರೆ. ಆ ಹೊತ್ತಿಗೆ ಆಸ್ಪತ್ರೆ ಇರುವ ಬೆಳಗೋಡಿಗೆ ಮೊದಲ ಬಸ್ಸು. ಯಾವಾಗ ಬಂದರೂ ಆಸ್ಪತ್ರೆಯಲ್ಲೇ ಹಾಕಿಸುತ್ತೇನೆ ಎಂದು ಹೇಮಶ್ರೀ ಫೋನಿನಲ್ಲಿ ಹೇಳಿದ್ದಳು. ಹೋಗುವಾಗ ಹಿತ್ತಲ ಬಾಗಿಲಿಂದ ಹೋಗಬೇಕು. ಬರುವಾಗ ಮಾತ್ರ ಹಿತ್ತಲಿಂದ ಬರುವುದಿಲ್ಲ. ಕಟ್ಟು ಹಾಕಿದ ಹಿರಿಯರು ಕೂರುವ ಕಟ್ಟೆಯ ಮುಂದೆಯೇ ಮಗುವನ್ನೆತ್ತಿಕೊಂಡು ನಡೆದು ಬರಬೇಕು. ಕೇಳಿದರೆ ಹೌದು, ಚುಚ್ಚಿಸಿದೆ ಎನ್ನುವುದು. ಅಮ್ಮನಿಗೆ ಸಿಟ್ಟು ಬಂದರೆ ತನ್ನ ಮೇಲೆ ಬರಲಿ. ತಾನು ದೊಡ್ಡವಳು, ತಡೆದುಕೊಳ್ಳಬಲ್ಲಳು. ದಂಡ ಹಾಕಿದರೂ, ವಾರಗಟ್ಟಲೆ ಅತ್ತೆ ಮಾತು ಬಿಟ್ಟರೂ ಸರಿಯೇ.

"ಏನೇ ಯೋಚ್ನೆ?" ಎಂದ ವಸಂತ.

"ಏನಿಲ್ಲ," ಎಂದಳು ನೇತ್ರಾವತಿ. "ಇನ್ನೊಂದು ಮುದ್ದೆ ಹಾಕ್ಲಾ?"