ಇಲಾರಿಯೊ ತಿರುಗುವ ಜಾಗ

"ಇದರಲ್ಲಿ ಬಸ್ಸು ಓಡುತ್ತೇನಪ್ಪ? ಮೊದಲು ಅದು ಹೇಳು," ಎಂದು ನೇಲಿದಾ ಗಾಜಿನ ಕಪಾಟಿನ ಮೇಲೆ ಮೊಣಕೈ ಊರಿದಳು.

ಕಂಪ್ಯೂಟರ್ ಅಂಗಡಿಯ ಎದಿಲ್ಬೆರ್ತೊ ತಲೆ ಎತ್ತಿದ. "ಯಾವ ಬಸ್ಸಕ್ಕಾ?"

"ಆಟದ ಬಸ್ಸು. ಗೇರ್ ಹಾಕಿ ಓಡಿಸೋದು. ನಮ್ಮನೆ ಕಂಪ್ಯೂಟರಲ್ಲಿ ತಿರುವು ಬಂತೂಂದ್ರೆ ರಸ್ತೇನೇ ಮಾಯ. ಪ್ಯಾಸೆಂಜರ್‌ಗಳೆಲ್ಲ ಆಕಾಶದಲ್ಲಿ ಕೂತಿರ್ತಾರೆ."

"ಅರ್ಧ ಆಯುಷ್ಯ ಬಸ್ಸಿನ ಬಾಗಿಲಲ್ಲಿ ನೇತಾಡಿ ಟಿಕೆಟ್ ಕಾಸು ಎತ್ತಿದ್ಲು," ಎಂದಳು ಪಕ್ಕದಲ್ಲಿದ್ದ ಅತ್ತಿಗೆ ಮೆಲ್ಚೋರಾ. "ಡ್ರೈವರ್ ಸೀಟು ಒಂದು ದಿನಾನೂ ಸಿಗಲಿಲ್ಲ ಅಂತ ಈಗ ಸೇಡು ತೀರಿಸ್ಕೋತಿದಾಳೆ."

ಲಿಮಾದ ಚಳಿಗಾಲದ ಮಂಜು ವಿಲ್ಸನ್ ಬೀದಿಯಿಂದ ಮೆಟ್ಟಿಲು ಹತ್ತಿ ಮಹಡಿಯವರೆಗೂ ಬಂದಿತ್ತು. ಅದು ಬೀಳುವ ಮಂಜಲ್ಲ, ಕರಗುವುದೂ ಇಲ್ಲ, ಸುಮ್ಮನೆ ಇರುತ್ತದೆ. ಸಾಲು ಸಾಲು ಮಳಿಗೆಗಳ ಪರದೆಗಳಲ್ಲಿ ಗಿಳಿಗಳು ಸದ್ದಿಲ್ಲದೆ ಹಾರುತ್ತಿದ್ದವು, ಸಮುದ್ರಗಳು ಸದ್ದಿಲ್ಲದೆ ಏಳುತ್ತಿದ್ದವು. ಅವುಗಳ ನಡುವೆ ನಡೆದು ಬರುವಾಗ ಮೆಲ್ಚೋರಾಳಿಗೆ ಯಾರದೋ ನಿದ್ದೆಯೊಳಗೆ ಕಾಲಿಟ್ಟಂತಾಗಿತ್ತು. ಕಂಪ್ಯೂಟರಿನ ಡಬ್ಬವನ್ನು ಬಣ್ಣದ ಪಟ್ಟಿಗಳ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಕಟ್ಟಿಕೊಂಡ ಹಾಗೆ ಬೆನ್ನಿಗೆ ಕಟ್ಟಿಕೊಂಡು ತಂದಿದ್ದಳು. ಈಗ ಬೆನ್ನು ಹಗುರಾಗಿ, ಎದೆ ಭಾರವಾಗಿತ್ತು.

ಒಂದು ಕಾಲಕ್ಕೆ ಇಬ್ಬರೂ ಸೇರಿ ಮನೆಯ ಮುಂಗೋಣೆಯಲ್ಲಿ ಇಂಟರ್ನೆಟ್ ಅಂಗಡಿ ನಡೆಸಿದವರು. ಜನರ ಕೈಗೆಲ್ಲ ಫೋನು ಬಂದ ಮೇಲೆ ಯಂತ್ರಗಳನ್ನು ಮಾರಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದರು. ಅದರಲ್ಲಿ ಬೆಳಗ್ಗೆ ನೇಲಿದಾಳ ಬಸ್ಸು, ಊಟವಾದ ಮೇಲೆ ಮೆಲ್ಚೋರಾಳ ವಿಡಿಯೋ. ಯಾವಾಗಲೂ ಅದೊಂದೇ ವಿಡಿಯೋ: ಬೆಟ್ಟದ ಮೇಲಿನ ಗಂಡನ ಊರಿನ ಹಬ್ಬ. ಚಿತ್ರ ತೆಗೆಯುವವನೊಬ್ಬ ದೊಡ್ಡ ಕ್ಯಾಮೆರಾದಲ್ಲಿ ಎಚ್‌ಡಿಯಲ್ಲಿ ಹಿಡಿದು ಹಬ್ಬಕ್ಕೆ ಬಂದವರಿಗೆಲ್ಲ ಮಾರಿದ್ದ. ಮುಂದಿನ ಹಬ್ಬದ ಹೊತ್ತಿಗೆ ಗಂಡ ಇಲಾರಿಯೊ ಇರಲಿಲ್ಲ.

ಆ ಬಡಪಾಯಿ ಯಂತ್ರಕ್ಕೆ ಅಷ್ಟು ಸ್ವಚ್ಛವಾದ ಚಿತ್ರ ಎಳೆಯಲು ತ್ರಾಣ ಸಾಲದು. ಚೌಕದಲ್ಲಿ ತಟ್ಟೆ ಹಿಡಿದು ನಿಂತ ಇಲಾರಿಯೊ ಕತ್ತು ತಿರುಗಿಸುತ್ತಾನೆ, ಸರಿಯಾಗಿ ಅಲ್ಲಿ ಚಿತ್ರ ನಿಂತುಬಿಡುತ್ತದೆ. ವಾದ್ಯದ ಸದ್ದು ಮುಂದೆ ಹೋಗುತ್ತದೆ, ಅವನು ಹೋಗುವುದಿಲ್ಲ. ಬಾಯಿ ಅರ್ಧ ತೆರೆದಿರುತ್ತದೆ, ಹೆಸರು ಕರೆಯಲು ಹೊರಟವನ ಹಾಗೆ. ಹಬ್ಬದ ದಿನ ಮೆಲ್ಚೋರಾ ಅವನು ತಿರುಗಿದ ಬದಿಗೇ ನಿಂತಿದ್ದಳು. ಚಹಾ ಆರುವಷ್ಟು ಹೊತ್ತು ಅವನು ಅವಳನ್ನು ನೋಡುತ್ತಾನೆ. ಆಮೇಲೆ ಚಿತ್ರ ಹಾರಿ, ವಾದ್ಯದವರ ಬೆನ್ನು ಬರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ, ನಿನ್ನ ಹಬ್ಬಾನೂ ಸರಾಗ ಓಡುತ್ತೆ ಎಂದು ನೇಲಿದಾ ಪ್ರೀತಿಯಿಂದಲೇ ಹೊರಡಿಸಿದ್ದಳು. ಸರಾಗ ಓಡಿದರೆ ಅವನೂ ಓಡಿಹೋಗುತ್ತಾನಲ್ಲ ಎಂದು ಮೆಲ್ಚೋರಾ ಯಾರ ಹತ್ತಿರ ಹೇಳಿಯಾಳು?

ಎದಿಲ್ಬೆರ್ತೊ ಎರಡು ಕಾರ್ಡ್ ಮುಂದಿಟ್ಟ. ಒಂದು ಎರಡು ಫ್ಯಾನಿನ ದೊಡ್ಡದು, ಇನ್ನೊಂದು ಅಂಗೈಯಷ್ಟು.

"ನೋಡಿ ಅಕ್ಕಾ, ಈ ದೊಡ್ಡದು ಸೆಕೆಂಡ್ ಹ್ಯಾಂಡ್. ಬಸ್ಸು ಗಾಳಿ ಹಾಗೆ ಹೋಗುತ್ತೆ. ಆದ್ರೆ ಹಳೇ ಕಾಲದ್ದು, ಈಗಿನ ವಿಡಿಯೋ ಇದಕ್ಕೆ ಅರ್ಥ ಆಗಲ್ಲ. ಆ ಭಾರ ನಿಮ್ಮ ಯಂತ್ರಾನೇ ಹೊರಬೇಕು, ಈಗಿನ ಹಾಗೇ ನಿಲ್ಲುತ್ತೆ. ಈ ಚಿಕ್ಕದು ಹೊಸದು. ಸಣ್ಣಪುಟ್ಟ ಆಟಕ್ಕೆ ಧಾರಾಳ ಸಾಕು, ವಿಡಿಯೋ ಅಂತೂ ನೀರು ಹರಿದ ಹಾಗೆ."

"ಹಳೇದೇ ಸಾಕು," ಎಂದಳು ಮೆಲ್ಚೋರಾ, ಅವನ ಮಾತು ಮುಗಿಯುವ ಮೊದಲೇ.

ನೇಲಿದಾ ತಿರುಗಿ ನೋಡಿದಳು. "ಅತ್ತಿಗೆ, ತಲೆ ನೆಟ್ಟಗಿದ್ಯಾ? ದಿನಾ ನೋಡೋ ವಿಡಿಯೋ ಬಿಕ್ಕಳಿಸುತ್ತೆ ಅಂತ ತಾನೇ ನಾವು ಬಂದಿದ್ದು?"

"ಬಿಕ್ಕಳಿಸಲಿ ಬಿಡೆ. ಅಭ್ಯಾಸ ಆಗಿದೆ."

"ಹಾಕಿ ತೋರಿಸ್ತೀನಿ, ನೋಡಿ ತಗೊಳ್ಳಿ," ಎಂದ ಎದಿಲ್ಬೆರ್ತೊ. "ನೋಡದೆ ಒಯ್ದವರು ನಾಳೆ ಬಂದು ನನ್ನ ಅಮ್ಮನ್ನೂ ಸೇರಿಸಿ ಬೈತಾರೆ."

ದೊಡ್ಡ ಕಾರ್ಡಿನಲ್ಲಿ ಇಲಾರಿಯೊ ಎಂದಿನಂತೆ ತಿರುಗಿ, ಎಂದಿನಂತೆ ನಿಂತ. ಮೆಲ್ಚೋರಾ ಹಿಡಿದ ಉಸಿರು ಬಿಟ್ಟಳು. ಅಂಗಡಿಯವನು ಡಬ್ಬ ಆರಿಸಿ ಚಿಕ್ಕದನ್ನು ಕೂರಿಸಿದ. ಬೇಡಪ್ಪ ಎನ್ನಲು ಅವಳ ಬಾಯಿ ತೆರೆಯಿತು. ಅಷ್ಟರಲ್ಲಿ ವಾದ್ಯ ಶುರುವಾಗಿತ್ತು.

ಇಲಾರಿಯೊ ಕತ್ತು ತಿರುಗಿಸಿದ. ನಿಲ್ಲಲಿಲ್ಲ. ಕಂದು ನಾಯಿಯೊಂದು ಕೆಳಗಿನಿಂದ ನುಗ್ಗಿ ಅವನ ತಟ್ಟೆಯ ಹಂದಿಮಾಂಸ ಕಚ್ಚಿಕೊಂಡು ಓಡಿತು. ತೆರೆದ ಬಾಯಿಂದ ಹೊರಟದ್ದು ಯಾರ ಹೆಸರೂ ಆಗಿರಲಿಲ್ಲ.

"ಅಯ್ಯಯ್ಯೋ!" ನೇಲಿದಾ ಹೊಟ್ಟೆ ಹಿಡಿದುಕೊಂಡಳು. "ನಮ್ಮಣ್ಣ ನಾಯಿಗೆ ಬೈತಿದಾನೆ! ಅದು ಆ ಮೇಲಿನ ಮನೆಯವರ ಕಳ್ಳನಾಯಿ ಅತ್ತಿಗೆ, ನೋಡು, ಬಾಲ ನೋಡು ಅದರದ್ದು!"

ಎದಿಲ್ಬೆರ್ತೊ ಕೂಡ ನಕ್ಕ. ಮೆಲ್ಚೋರಾಳ ಮುಖ ಕಂಡು ನಗು ನುಂಗಿದ.

"ಅಷ್ಟೇನಾ?" ಎಂದಳು ಅವಳು. ಯಾರನ್ನು ಕೇಳಿದಳೋ. ಹಿಂದಿನ ಮಳಿಗೆಯ ಗಿಳಿಗಳು ಪರದೆಯ ತುಂಬ ರೆಕ್ಕೆ ಬಿಚ್ಚಿ ಮುಚ್ಚಿದವು. "ಇನ್ನೊಂದ್ಸಲ ಹಾಕಪ್ಪ," ಎಂದಳು.

ಈ ಸಲ ಅವಳು ನಾಯಿಯನ್ನು ಹೋಗಗೊಟ್ಟಳು. ಇಲಾರಿಯೊ ಇನ್ನೂ ಬೈಯುತ್ತಲೇ ಇದ್ದ. ಆಗ ಚಿತ್ರದ ಅಂಚಿನಿಂದ ಒಂದು ಕೈ ಬಂತು, ತುಂಬಿದ ತಟ್ಟೆಯೊಂದನ್ನು ಚಾಚಿಕೊಂಡು. ತೋಳಿಗೆ ಹಸಿರು ಅಂಚು. ಹಬ್ಬದ ಹಿಂದಿನ ವಾರ ಅವಳೇ ಹೊಲಿದ ಅಂಚು. ಇಲಾರಿಯೊ ಕಣ್ಣು ನಾಯಿಯ ಮೇಲೇ ಇಟ್ಟುಕೊಂಡು, ಯಾರೆಂದು ನೋಡದೆ, ಖಾಲಿ ತಟ್ಟೆ ಆ ಕೈಗೆ ಕೊಟ್ಟು ತುಂಬಿದ್ದನ್ನು ತೆಗೆದುಕೊಂಡು ತಿನ್ನತೊಡಗಿದ. ಕೈ ಹಿಂದೆ ಸರಿಯಿತು. ವಾದ್ಯದವರು ಬಂದರು.

"ಯಾರದಕ್ಕಾ ಆ ಕೈ?" ಎಂದ ಎದಿಲ್ಬೆರ್ತೊ.

ನೇಲಿದಾ ಅತ್ತಿಗೆಯ ಕೈಯತ್ತ ನೋಡಿದಳು. ತನ್ನ ಪಾಲಿನ ಮಾಂಸ ಕೊಟ್ಟದ್ದು ಮೆಲ್ಚೋರಾಳಿಗೆ ಮರೆತೇ ಹೋಗಿತ್ತು. ಆ ದಿನ ತಾನು ಏನು ತಿಂದೆ? ನೆನಪಾಗಲಿಲ್ಲ.

"ಚಿಕ್ಕದೇ ಇರಲಿ," ಎಂದಳು. "ತೆಗೀಬೇಡ ಅದನ್ನ."

"ಮತ್ತೆ ಕೊಸರು?" ನೇಲಿದಾ ಕೂಡಲೇ ಚೇತರಿಸಿಕೊಂಡಳು. "ಇಷ್ಟು ನಗಿಸಿದೀವಿ, ಆ ಮೌಸ್‌ಪ್ಯಾಡಾದ್ರೂ ಮೇಲೆ ಹಾಕಪ್ಪ. ಆ ಹೂವಿಂದು ಬೇಡ. ಹಿಂದಿಂದು, ರಸ್ತೆ ಇರೋದು."

ಮರುದಿನ ಮಧ್ಯಾಹ್ನದ ಊಟವಾದ ಮೇಲೂ ನೇಲಿದಾ ಕುರ್ಚಿ ಬಿಡಲಿಲ್ಲ. ಮೆಲ್ಚೋರಾ ತನ್ನ ಸರದಿ ಕೇಳಲೂ ಇಲ್ಲ. ಪರದೆಯ ಮೇಲೆ ಬಸ್ಸು ಒಂದು ದೀರ್ಘ ತಿರುವಿನಲ್ಲಿತ್ತು. ರಸ್ತೆ ಮಾಯವಾಗಲಿಲ್ಲ, ಪ್ಯಾಸೆಂಜರುಗಳು ತಂತಮ್ಮ ಸೀಟಿನಲ್ಲೇ ಇದ್ದರು, ಪಕ್ಕದಲ್ಲಿ ಎಲ್ಲಿಯದೋ ಸಮುದ್ರ ನಿಧಾನವಾಗಿ ಜೊತೆಗೇ ಬರುತ್ತಿತ್ತು.

ಮೆಲ್ಚೋರಾ ಚಹಾ ತಂದು ಚಾಚಿದಳು. ನೇಲಿದಾ ರಸ್ತೆಯಿಂದ ಕಣ್ಣು ಕೀಳದೆ ಕೈ ನೀಡಿ ಲೋಟ ತೆಗೆದುಕೊಂಡಳು.

ಮೆಲ್ಚೋರಾಳ ಕೈ ಇನ್ನೂ ಸ್ವಲ್ಪ ಹೊತ್ತು ಆ ನೀಲಿ ಬೆಳಕಿನಲ್ಲಿ ಚಾಚಿಕೊಂಡೇ ಇತ್ತು.