ಐದೂವರೆ ತಾಸು

ಮುಕ್ಕುಂದದ ನೀರು ಬಳಕೆದಾರರ ಸಂಘದಲ್ಲಿ ಕೆಲಸ ಮಾಡುವ ಸುಕನ್ಯಾ ಮಸ್ಕಿಯವಳು. ನಾಲೆಯ ನೀರು ಯಾರ ಗದ್ದೆಗೆ ಎಷ್ಟು ಹೊತ್ತಿಗೆ ಎಂಬ ಪಟ್ಟಿಯನ್ನು ರೈತರು ಮೊಬೈಲಿನಲ್ಲೇ ನೋಡಿಕೊಳ್ಳಲಿ ಎಂದು ಐದು ವರ್ಷದ ಹಿಂದೆ ತಾನೇ ಕುಳಿತು ಒಂದು ವೆಬ್ ಪುಟ ಬರೆದಿದ್ದಳು. ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ. ಮುಟ್ಟದಿದ್ದರೆ ಯಾವುದೂ ಕೆಡುವುದಿಲ್ಲ ಎಂದು ನಂಬಿದ್ದಳು, ಪಾಪ.

ಆ ಮಂಗಳವಾರ ಬೆಳಿಗ್ಗೆ, ಆ ನಾಲೆಯ ನೀರಲ್ಲೇ ಭತ್ತ ಬೆಳೆಯುವ ಗ್ಯಾನಮ್ಮ ಬಂದು ಸಂಘದ ಬಾಗಿಲಲ್ಲಿ ನಿಂತಳು. ಪಟ್ಟಿಯಲ್ಲಿ ಅವಳ ಸರದಿ ಹಿಂದಿನ ಸಂಜೆ ಏಳೂವರೆಗೆ ಎಂದಿತ್ತಂತೆ. ಸಲಿಕೆ ಹೊತ್ತು ಹೋದರೆ ನೀರು ಮಧ್ಯಾಹ್ನ ಎರಡಕ್ಕೇ ಬಂದು, ಅವಳ ಸರದಿ ಮುಗಿದು, ಮುಂದಿನವರ ಗದ್ದೆಗೆ ತಿರುಗಿತ್ತಂತೆ. ಭತ್ತ ಹೊಡೆ ತುಂಬಿತ್ತು. ಮುಂದಿನ ಸರದಿ ಇನ್ನೊಂದು ವಾರಕ್ಕೆ. ಅದೂ ತಪ್ಪಿದರೆ ತೆನೆಯೆಲ್ಲ ಜೊಳ್ಳು.

"ಐದೂವರೆ ತಾಸು ತಡಾ ತೋರ್ಸಾಕತ್ತೈತವ್ವ ನಿನ್ನ ಪಟ್ಟಿ," ಎಂದಷ್ಟೇ ಹೇಳಿ ಹೋದಳು. ನಾಲ್ಕು ಬೈದಿದ್ದರೆ ಸುಕನ್ಯಾಳಿಗೆ ಹಗುರಾಗುತ್ತಿತ್ತು.

ಪುಟ ಇದ್ದ ಸರ್ವರ್ ನೋಡಿಕೊಳ್ಳುವವನು ಲಿಂಗಸುಗೂರಿನ ವೀರೇಶ. ಫೋನಿನಲ್ಲಿ ಅವನ ನೀರಿಳಿಸಿದಳು. ನಿಮ್ಮ ಪುಟ ಮುಟ್ಟೇ ಇಲ್ಲ, ಭಾನುವಾರ ಸರ್ವರಿನ ಹಳೇ ಪ್ಯಾಕೇಜ್ ತೆಗೆದು ಹೊಸದು ಹಾಕಿದೆ ಅಷ್ಟೇ ಎಂದ. ಹಳೆಯದು ಯಾರೂ ಏನೂ ಹೇಳದಿದ್ದರೆ ಲಂಡನ್ನಿನ ವೇಳೆ ಹಿಡಿಯುತ್ತಿತ್ತು, ಹೊಸದು ಬರುವಾಗಲೇ ನಮ್ಮ ದೇಶದ ವೇಳೆಗೆ ಹೊಂದಿಸಿಕೊಂಡು ಬಂದಿದೆ, ಒಳ್ಳೆಯದೇ ಆಯಿತಲ್ಲ ಎಂದು ನಕ್ಕ.

"ಬದಲಿ ಮಾಡಿದ್ರ ಒಂದು ಮಾತು ಹೇಳಬೇಕೋ ಬ್ಯಾಡೋ?" ಎಂದು ಫೋನ್ ಕುಕ್ಕಿದಳು.

ಆಮೇಲೆ ತನ್ನ ಹಳೇ ಬರಹ ತೆರೆದು ನೋಡಿದಳು. ನಡುವೆ ಒಂದು ಸಾಲು: ಬಂದ ವೇಳೆಗೆ ಐದೂವರೆ ತಾಸು ಕೂಡಿಸು. ಲಂಡನ್ನಿನ ವೇಳೆಯನ್ನು ಸರಿಪಡಿಸುವ ರೀತಿ ಗೊತ್ತಿಲ್ಲದೆ ಅಂದು ತಾನೇ ತುರುಕಿದ್ದು. ಈಗ ಸರಿಯಾದ ವೇಳೆಗೂ ಅದು ಐದೂವರೆ ಕೂಡಿಸುತ್ತ ಕುಳಿತಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ನೋಡಿದಳು ಅನ್ನುತ್ತಾರಲ್ಲ, ಹಾಗಾಯಿತು. ಸಾಲನ್ನು ಅಳಿಸಿದಳು. ಕೇಳಿದವರಿಗೆಲ್ಲ ಲಿಂಗಸುಗೂರಿನವನ ಕಿತಾಪತಿ ಎಂದಳೇ ಹೊರತು, ಸರಿ ಮಾಡಿದ್ದನ್ನು ಹೇಳಲಿಲ್ಲ. ಹೇಳಿದರೆ, ತಪ್ಪು ಯಾರದಿತ್ತು ಎಂದೂ ಹೇಳಬೇಕಾಗುತ್ತಿತ್ತಲ್ಲ.

ಮುಂದಿನ ಸರದಿಯ ದಿನ ಅವಳು ಸಿಂಧನೂರಿನಲ್ಲಿ ಬಸ್ ಬದಲಿಸುವಾಗ, ಗ್ಯಾನಮ್ಮನಿಗಿಂತ ಮೊದಲ ಸರದಿಯ ಬಸ್ಸಪ್ಪನ ಫೋನು ಬಂತು. ಅವನ ಸರದಿಯಲ್ಲಿ ಗ್ಯಾನಮ್ಮ ತೂಬು ತಿರುಗಿಸಿದ್ದಾಳಂತೆ. ಬೇರೆಯವರ ಸರದಿಗೆ ಕೈಹಾಕಿದವರು ತಮ್ಮ ಸರದಿ ಕಳೆದುಕೊಳ್ಳುತ್ತಾರೆ, ಇದು ಆ ನಾಲೆಯ ಮೇಲೆ ಅಜ್ಜಂದಿರ ಕಾಲದ ಕಟ್ಟಳೆ.

ಅವಳು ಹೋಗುವಷ್ಟರಲ್ಲಿ ತೂಬಿನ ಹತ್ತಿರ ಹತ್ತು ಜನ ಸೇರಿದ್ದರು. ಗ್ಯಾನಮ್ಮ ಸಲಿಕೆ ಊರಿ ನಿಂತಿದ್ದಳು.

"ಪಟ್ಟಿಯೊಳಗ ಹನ್ನೆರಡು ಐತಿ. ಐದೂವರೆ ಕಳದು ಆರೂವರೆಗೆ ಬಂದೆ," ಎಂದಳು. "ಸರಿ ಮಾಡಿದ್ರ ಒಂದು ಮಾತು ಹೇಳಬೇಕೋ ಬ್ಯಾಡೋ ಯವ್ವಾ?"

ತಾನು ವೀರೇಶನಿಗೆ ಅಂದ ಮಾತೇ ತಿರುಗಿ ಬಂದಿತ್ತು. ಸುಕನ್ಯಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮತ್ತೆ ಅವನ ಹೆಸರೇ ನಾಲಿಗೆಯ ತುದಿಗೆ ಬಂದದ್ದೂ ನಿಜ. ಆದರೆ ಗ್ಯಾನಮ್ಮನ ಹಿಂದೆ ಬಿರುಕು ಬಿಟ್ಟ ಗದ್ದೆ ಕಾಣುತ್ತಿತ್ತು.

"ತಪ್ಪು ನಂದ್ರೀ," ಎಂದಳು. "ಹೋದ ಸಲಾನೂ ನಂದೇ, ಈ ಸಲಾನೂ ನಂದೇ. ಲಿಂಗಸುಗೂರಿನವಂದಲ್ಲ. ಆಕೀ ಸರದಿ ಆಕೀಗೆ ಇರ್ಲಿ."

ಬಸ್ಸಪ್ಪ ತೂಬನ್ನು ಮತ್ತೆ ತನ್ನ ಗದ್ದೆಯ ಕಡೆಗೆ ತಿರುಗಿಸಿ, ಕೈಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟ.

"ಹಂಗಾದ್ರ ದಂಡ ನಿನಗ. ಹನ್ನೆರಡರ ತನಕಾ ತೂಬು ನೀನೇ ಕಾಯಿ. ಮೊಬೈಲ್ ನೋಡಬ್ಯಾಡ, ಇದನ್ನ ನೋಡು."

ಬಿಸಿಲಿನಲ್ಲಿ ನಾಲ್ಕು ತಾಸು ಕುಳಿತಳು. ಗ್ಯಾನಮ್ಮ ಪಕ್ಕದಲ್ಲೇ ಕುಳಿತು ಅರ್ಧ ರೊಟ್ಟಿ ಮುರಿದು ಕೊಟ್ಟಳು. ಹನ್ನೆರಡಾದಾಗ ಸುಕನ್ಯಾ ತಾನೇ ತೂಬು ತಿರುಗಿಸಿದಳು. ನೀರು ಗ್ಯಾನಮ್ಮನ ಗದ್ದೆಯ ಮೊದಲ ಮಡಿಗೆ ಇಳಿದ ಮೇಲೆ, ಒದ್ದೆ ಕೈಯಲ್ಲೇ ಲಿಂಗಸುಗೂರಿಗೆ ಫೋನ್ ಮಾಡಿದಳು. ವೀರೇಶ ಎತ್ತಲಿಲ್ಲ.